ನಮ್ಮ ಕೊಪ್ಪದ ಮಗ್ಗುಲಿನ ಟಿಬೆಟ್

ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಬಂದರೆ, ಕಾವೇರಿ ಸೇತುವೆ ದಾಟಿ ಕುಶಾಲನಗರ ಸೇರುವ ಮುಂಚೆ ಸಿಗುವುದೇ ನಮ್ಮ ಕೊಪ್ಪ. ಪಿರಿಯಾಪಟ್ಟಣ ತಾಲ್ಲೂಕಿನ ಅಂಚಿನ ಊರು. ಇಲ್ಲಿ ಎಡಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಸಾಕು, ಬಣ್ಣಬಣ್ಣದ ಬಾವುಟಗಳು ಶುರುವಾಗುತ್ತವೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಯಾವಾಗಲೂ ಅದೇ ಸಾಲು. ಅದರ ಮೇಲೆ ಅಚ್ಚಾದ ಮಂತ್ರವನ್ನು ಗಾಳಿ ಲೋಕಕ್ಕೆಲ್ಲ ಹಂಚುತ್ತೆ ಅಂತ ಅವರ ನಂಬಿಕೆ.

ನಮ್ಮ ಮನೆಗೆ ನೆಂಟರು ಬಂದರೆ "ಗೋಲ್ಡನ್ ಟೆಂಪಲ್ ತೋರಿಸಿ" ಅಂತ ಒಂದೇ ವರಾತ. ತೋರಿಸೋಣ, ಅದಕ್ಕೇನು! ನಡುವೆ ಬುದ್ಧ, ಅಕ್ಕಪಕ್ಕ ಪದ್ಮಸಂಭವ ಮತ್ತು ಅಮಿತಾಯುಸ್, ಚಿನ್ನದ ಮೆರುಗಿನ ಭಾರೀ ಮೂರ್ತಿಗಳು. ನೋಡಿ ನೋಡಿ ಕತ್ತು ನೋಯಬೇಕು. ಈ ದೇವಾಲಯ ಉದ್ಘಾಟನೆಯಾದದ್ದು 1999ರಲ್ಲಿ. ಆದರೆ 1963ರಲ್ಲಿ ಪೆನೊರ್ ರಿಂಪೋಚೆಯವರು ಈ ನಾಮ್‌ಡ್ರೋಲಿಂಗ್ ಮಠವನ್ನು ಶುರುಮಾಡಿದ್ದು ಬಿದಿರಿನ ಒಂದು ಪುಟ್ಟ ಗುಡಿಯಲ್ಲಿ!

ಟಿಬೆಟ್ ಬಿಟ್ಟು ಬಂದವರಿಗೆ 1960ರಲ್ಲಿ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಗ ಅದು ಆನೆ ಓಡಾಡುವ ಕಾಡು. ಹಿಮದ ನಾಡಿನವರು ಉಣ್ಣೆ ಬಟ್ಟೆ ತೊಟ್ಟುಕೊಂಡೇ ಬಿಸಿಲಲ್ಲಿ ಮರ ಕಡೀತಿದ್ದರು ಅಂತ ನಮ್ಮ ಅತ್ತೆ ಹೇಳೋರು. ಆಮೇಲೆ ಅದೇ ನೆಲದಲ್ಲಿ ಮುಸುಕಿನ ಜೋಳ ಬೆಳೆದರು.

ಬರುವವರು ಮೂರ್ತಿ ನೋಡಿ, ಫೋಟೋ ಹೊಡೆದು ಹೊರಟುಬಿಡುತ್ತಾರೆ. ನಾನು ಹೇಳೋದು, ಕ್ಯಾಂಪುಗಳ ಒಳರಸ್ತೆಯಲ್ಲಿ ಒಂದಿಷ್ಟು ನಡೆಯಿರಿ. ಜಪಮಣಿ ಹಿಡಿದ ಅಜ್ಜಿಯರು, ಪಟ್ಟೆಪಟ್ಟೆಯ ಮುಂಗವಚ ಕಟ್ಟಿಕೊಂಡ ಗೃಹಿಣಿಯರು (ಅದು ಮದುವೆಯಾದವರ ಗುರುತು, ನಮ್ಮ ಕಾಲುಂಗುರದ ಹಾಗೆ) ಎದುರಾಗುತ್ತಾರೆ. ಆದರೆ ಕಿಟಕಿಯಲ್ಲಿ ಇಣುಕೋದು, ಕೇಳದೆ ಮುಖಕ್ಕೆ ಕ್ಯಾಮೆರಾ ಹಿಡಿಯೋದು ಬೇಡ. ಅದು ಪ್ರದರ್ಶನವಲ್ಲ, ಒಬ್ಬರ ಮನೆಯ ಅಂಗಳ. ನಮ್ಮ ಅಡುಗೆಮನೆಗೆ ಯಾರಾದರೂ ಹಾಗೆ ಇಣುಕಿದರೆ ಸುಮ್ಮನಿರುತ್ತೇವೆಯೇ?

ನ್ಯೂಜಿಲೆಂಡಿನಲ್ಲಿರುವ ನನ್ನ ಅಕ್ಕನ ಮಗಳು ಇಂಥದೇ ಒಂದು ಊರಿನ ಸಂಗತಿ ಹೇಳಿದಳು. ರೊಟೊರುವಾದ ಪಕ್ಕ ಫಕರೆವರೆವ ಅಂತ ಮಾವೊರಿಗಳ ಹಳ್ಳಿ. ನೆಲದಿಂದಲೇ ಬಿಸಿನೀರು, ಹಬೆ ಚಿಮ್ಮುತ್ತಂತೆ. ಅದರಲ್ಲೇ ಅಡುಗೆ ಬೇಯಿಸುತ್ತಾರೆ. 1886ರಲ್ಲಿ ತಾರಾವೆರಾ ಜ್ವಾಲಾಮುಖಿ ಸಿಡಿದು ಮನೆಮಠ ಕಳೆದುಕೊಂಡವರು ಅಲ್ಲಿಗೆ ಬಂದು ನೆಲೆಸಿದರು. ಇಂದಿಗೂ ಬಂದವರಿಗೆ ತಮ್ಮ ಊರನ್ನು ತಾವೇ ತೋರಿಸುತ್ತಾರೆ. ಕೇಳುತ್ತಾ ನನಗೆ ನಮ್ಮ ಬೈಲಕುಪ್ಪೆಯೇ ಕಣ್ಣಮುಂದೆ ಬಂತು.

ಮಠದ ಬಳಿ ಸ್ವೆಟರ್ ಮಾರುವ ಹೆಂಗಸೊಬ್ಬರು ನನಗೆ ಬಹಳ ವರ್ಷದ ಪರಿಚಯ. ಕನ್ನಡ ಮಾತಾಡಿದರೆ ಪಿರಿಯಾಪಟ್ಟಣದವರೇ ಅನ್ನಬೇಕು. "ಟಿಬೆಟ್ ನಾನು ನೋಡೇ ಇಲ್ಲ ಅಕ್ಕಾ, ಹುಟ್ಟಿದ್ದು ಇಲ್ಲೇ ಕ್ಯಾಂಪಲ್ಲಿ," ಅಂತಾರೆ. ಮಗ ಕೆನಡಾ ಸೇರಿದ, ಮಗಳೂ ಹೊರಡುವ ತಯಾರಿಯಲ್ಲಿದ್ದಾಳೆ. ಕ್ಯಾಂಪಿನಲ್ಲಿ ಎಷ್ಟೋ ಮನೆಗಳಲ್ಲಿ ಮುದುಕರಷ್ಟೇ ಉಳಿದಿದ್ದಾರೆ. "ನೀವೂ ಹೋಗ್ತೀರಾ?" ಅಂದೆ. "ಅಲ್ಲಿ ಚಳಿ ಅಂತೆ, ನಂಗೆ ಆಗಲ್ಲ," ಅಂತ ನಕ್ಕರು. ಸ್ವೆಟರ್ ಮಡಿಸುವ ಕೈ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಮೋಮೊ ಮಾಡೋದು ಕಲಿಸಿದ್ದೂ ಇವರೇ. ನಮ್ಮ ಕಡುಬಿನ ತಂಗಿ ಅನ್ನಿ. ಮೈದಾ ನಾದಿ ಅರ್ಧ ಗಂಟೆ ಮುಚ್ಚಿಡಿ. ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್, ಈರುಳ್ಳಿಗೆ ಶುಂಠಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ, ನೀರು ಹಿಂಡಿ ತುಂಬಿ. ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ ಹತ್ತು-ಹನ್ನೆರಡು ನಿಮಿಷ ಹಬೆ ಸಾಕು. ಅಲ್ಲಿ ಹೋಟೆಲಿನಲ್ಲಿ ತಿನ್ನುವುದಾದರೆ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ಕೆಂಪು ಚಟ್ನಿ ವಿಪರೀತ ಖಾರ, ಮಕ್ಕಳ ಕೈಗೆ ಸಿಗದಂತೆ ಇಡಿ.