ರಾತ್ರಿ ಪಾಳಿಯ ಪುಸ್ತಕ

ಕೇರಳದ ಗಡಿನಾಡಿನ ಪೆರ್ಲ, ಬದಿಯಡ್ಕ ಕಡೆಯ ಮನೆಗಳಲ್ಲಿ ಹೋಂ ನರ್ಸ್ ಆಗಿ ದುಡಿಯುವವರಿಗೆ ಮೂರು ಭಾಷೆಯಾದರೂ ಬೇಕು. ಅಜ್ಜಿ ನರಳುವುದು ತುಳುವಿನಲ್ಲಿ, ಮಗ ವಿಚಾರಿಸುವುದು ಕನ್ನಡದಲ್ಲಿ, ಏಜೆನ್ಸಿಯ ಫೋನು ಬರುವುದು ಮಲಯಾಳದಲ್ಲಿ.

ಈಚೆಗೆ ನಾನು ಹಗಲು ಪಾಳಿಗೆ ಹೋಗುತ್ತಿದ್ದ ಮನೆಗೆ ರಾತ್ರಿ ಬರುತ್ತಿದ್ದಾಕೆ ಕೇರಳದ ತೆಂಕಣ ಜಿಲ್ಲೆಯೊಂದರವಳು. ಅಜ್ಜಿ ಲಕ್ವ ಹೊಡೆದು ಮಲಗಿದ್ದಾರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ ಹೊತ್ತನ್ನು ಬರೆದಿಡುವ ಪುಸ್ತಕದಲ್ಲಿ ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ಎಲ್ಲ ಹೊತ್ತಿಗೂ ದುಂಡಗಿನ ಮಲಯಾಳ ಅಕ್ಷರ. ಇಡೀ ಪುಟ ಒಂದೇ ಸಲ ಕೂತು ಬರೆದದ್ದೆಂದು ನೋಡಿದರೇ ತಿಳಿಯುತ್ತದೆ. ಅಜ್ಜಿಯನ್ನು ಹೊರಳಿಸಿದರೆ ಬೆನ್ನಿನಲ್ಲಿ ಬಟ್ಟೆಯ ನೆರಿಗೆ ಅಚ್ಚೊತ್ತಿದೆ. ಬೆನ್ನುಮೂಳೆಯ ತುದಿಯಲ್ಲಿ ಒಂದು ಕಲೆ. ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗಲಿಲ್ಲ. ಹಾಸಿಗೆಹುಣ್ಣಿನ ಮೊದಲ ಹಂತ ಇದು. ಚರ್ಮ ಒಡೆಯುವ ಮೊದಲೇ ಭಾರ ತಪ್ಪಿಸಿದರೆ ವಾಸಿಯಾಗುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿರುವ ಕೆಂಪು ನಮ್ಮ ಕಂದು ಮೈಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಮುಟ್ಟಿಯೇ ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯಿದೆಯೇ, ಗಟ್ಟಿಯಾಗಿದೆಯೇ ಎಂದು. ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ನೇತಾಡಬೇಕಾದ ಮೂತ್ರದ ಚೀಲ ಅಜ್ಜಿಯ ಪಕ್ಕದಲ್ಲೇ ಬಿದ್ದಿತ್ತು.

ರಾತ್ರಿ ಪಾಳಿಯವಳನ್ನು ಅಂಗಳಕ್ಕೆ ಕರೆದು ಅವಳ ಭಾಷೆಯಲ್ಲೇ ಕೇಳಿದೆ. ಅಜ್ಜಿ ಹೇಳುವುದು ತನಗೆ ತಿಳಿಯುವುದಿಲ್ಲ ಎಂದಳು. ಆಮೇಲೆ ಮೆಲ್ಲ ಬಾಯಿಬಿಟ್ಟಳು: ಹಗಲೂ ಇನ್ನೊಂದು ಮನೆಯಲ್ಲಿ ದುಡಿಯುತ್ತಾಳೆ, ಇಲ್ಲಿ ಕಣ್ಣು ಎಳೆಯುತ್ತದೆ. ಪಾಪ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ನಿದ್ದೆ ಬಂದವಳು ಪುಸ್ತಕ ಖಾಲಿ ಬಿಟ್ಟಿದ್ದರೆ ಬೆಳಿಗ್ಗೆ ನನಗೆ ಎಚ್ಚರಿಕೆಯಾದರೂ ಆಗುತ್ತಿತ್ತು. ಮಾಡದ್ದನ್ನು ಮಾಡಿದೆನೆಂದು ಬರೆದದ್ದು ದೊಡ್ಡ ತಪ್ಪು.

ಮನೆಯ ಮಗ ಕೆಂಡಾಮಂಡಲ. "ಮಲಯಾಳಿಗಳನ್ನು ಕಳಿಸಿದರೆ ಹೀಗೇ." ಗಡಿನಾಡಿನಲ್ಲಿ ಯಾವ ಸಿಟ್ಟೂ ಬೇಗ ಆ ಜಾಡು ಹಿಡಿಯುತ್ತದೆ. ನಾನು ಒಪ್ಪಲಿಲ್ಲ. ಮನೆಮನೆಗೆ ಹೋಗಿ ಆರೈಕೆ ಮಾಡುವ ಪಾಲಿಯೇಟಿವ್ ಚಳವಳಿ ಕೇರಳದಲ್ಲಿ ಶುರುವಾದದ್ದು 1993ರಲ್ಲಿ ಕೋಝಿಕ್ಕೋಡಿನಿಂದ. 2008ರಲ್ಲಿ ಸರ್ಕಾರ ಅದಕ್ಕೊಂದು ನೀತಿಯನ್ನೇ ತಂದಿತು. ಇದೇ ಅಜ್ಜಿಯ ಕ್ಯಾಥೆಟರ್ ಬದಲಿಸಲು ಗುಡ್ಡ ಹತ್ತಿ ಬರುವ ಪಂಚಾಯತಿನ ನರ್ಸೂ ಮಲಯಾಳಿಯೇ. ಅವರ ತುಳು ಕೇಳಿದರೆ ಅಜ್ಜಿಗೇ ನಗು. ಆದರೂ ಕೈ ತೊಳೆಯದೆ ಟ್ಯೂಬು ಮುಟ್ಟಿದ್ದನ್ನು ನಾನು ಕಂಡಿಲ್ಲ.

ದೂರು ಎರಡು ಪ್ರತಿ ಬರೆದೆ. ಏಜೆನ್ಸಿಗೆ ಮಲಯಾಳ, ಮನೆಯವರು ಓದಿ ಸಹಿ ಹಾಕಲು ಕನ್ನಡ. ಯಾವ ದಿನ, ಎಷ್ಟು ಹೊತ್ತಿಗೆ, ಮೈಯ ಯಾವ ಜಾಗದಲ್ಲಿ ಎಷ್ಟಗಲದ ಕಲೆ, ಚೀಲ ಎಲ್ಲಿತ್ತು, ಪುಸ್ತಕದಲ್ಲಿ ಏನಿತ್ತು. ಸೋಮಾರಿ, ಬೇಜವಾಬ್ದಾರಿ ಎಂಬ ಮಾತು ಒಂದೂ ಇಲ್ಲ. ಬರೆದರೆ ಜಗಳ ಅದರ ಮೇಲೇ ನಿಲ್ಲುತ್ತದೆ. "ಭಾಷೆ ಬಾರದವರು" ಎಂದು ಮಗ ಕೊನೆಗೆ ಸೇರಿಸಿದ ಸಾಲನ್ನು ಹೊಡೆದುಹಾಕಿಸಿದೆ. ಅದಿದ್ದರೆ ಏಜೆನ್ಸಿಯವರು ಅಷ್ಟನ್ನೇ ಓದಿಕೊಳ್ಳುತ್ತಾರೆ ಎಂಬ ಭಯ ನನಗಿತ್ತು.

ಇಲ್ಲದಿದ್ದರೂ ಓದಿಕೊಂಡರು. "ಭಾಷೆಯ ತೊಂದರೆ ಅಲ್ವಾ ಚೇಚಿ" ಎಂದು ಫೋನಿನಲ್ಲಿ ಸಮಾಧಾನ ಹೇಳಿ, ಅವಳನ್ನು ಕಾಞಂಗಾಡಿನ ಕಡೆ ಮಲಯಾಳ ಮಾತಾಡುವ ಮನೆಗೆ ಕಳಿಸಿದರು. ಅಲ್ಲಿಯೂ ರಾತ್ರಿ ಪಾಳಿ, ಹಾಸಿಗೆ ಹಿಡಿದ ರೋಗಿ. ಅಲ್ಲಿನ ಪುಸ್ತಕವನ್ನು ಬೆಳಿಗ್ಗೆ ರೋಗಿಯ ಬೆನ್ನಿನ ಜೊತೆ ತಾಳೆ ನೋಡುವವರು ಯಾರು ಎಂದು ಕೇಳಿದೆ. "ನೋಡೋಣ" ಎಂದರು.