ಕಡಲತೀರದಲ್ಲೊಂದು ನೆಲೆ

ಬಾಳಿನ ಉತ್ತರಾರ್ಧವನ್ನು ಕಡಲ ದಡದಲ್ಲಿ ಕಳೆಯಬೇಕೆಂಬ ಹಂಬಲ ಬಯಲುಸೀಮೆಯ ಅನೇಕ ದಂಪತಿಗಳಲ್ಲುಂಟು. ವಿಜಯಪುರ, ಧಾರವಾಡಗಳ ಕಡೆಯವರಿಗೆ ಮೊದಲು ನೆನಪಾಗುವವು ಕಾರವಾರ ಮತ್ತು ಮಂಗಳೂರು.

ಕಾರವಾರದ ಸೊಬಗು ಶಾಂತವಾದುದು. ಕಾಳಿ ನದಿಯು ಅರಬ್ಬಿ ಸಮುದ್ರವನ್ನು ಸೇರುವ ಅಳಿವೆ, ಆಚೆ ದಡದಲ್ಲಿ ಸದಾಶಿವಗಡ, ಬೆನ್ನಿಗೆ ಸಹ್ಯಾದ್ರಿ. ತರುಣ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ರಚಿಸಿದುದು ಇಲ್ಲಿಯೇ. ಲೋಕವನ್ನು ತೊರೆದ ಸಂನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಪ್ರೀತಿಯು ಮರಳಿ ಲೋಕದತ್ತ ಸೆಳೆಯುವುದು ಅದರ ವಸ್ತು. ನಿವೃತ್ತರೂ ಮನನ ಮಾಡತಕ್ಕ ಕಥೆಯಿದು. 2016ರಿಂದ ಇಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ.

ಮಂಗಳೂರು ಇದಕ್ಕಿಂತ ಬಹು ದೊಡ್ಡದು, ಗದ್ದಲದ್ದು. ಆದರೆ ಹಲವು ವೈದ್ಯಕೀಯ ಕಾಲೇಜುಗಳೂ ವಿಮಾನ ನಿಲ್ದಾಣವೂ ಅಲ್ಲಿವೆ. ನೆರೆಯವರ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ಕನ್ನಡದಿಂದ ವ್ಯವಹಾರ ಸಾಗುತ್ತದೆ.

ಚಳಿಗಾಲದ ತಿಳಿಗಡಲನ್ನು ಕಂಡು ಮನೆ ಕೊಳ್ಳಬಾರದು. ವಿಜಯಪುರದ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾಮಾನ್ಯವಾಗಿ ಅದಕ್ಕೂ ಹೆಚ್ಚು ಸುರಿಯುತ್ತದೆ. 2024ರ ಜುಲೈಯಲ್ಲಿ ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಕಾರವಾರದ ಹೆದ್ದಾರಿಯೂ ಮುಚ್ಚಿತು. ಆದುದರಿಂದ ಒಂದು ಮಳೆಗಾಲವನ್ನು ಬಾಡಿಗೆಯ ಮನೆಯಲ್ಲಿ ಕಳೆದು ನೋಡುವುದು ವಿವೇಕ.

ಇನ್ನೊಂದು ಮಾತು. ಇಬ್ಬರು ಕೂಡಿ ಆರಿಸಿದ ಊರಿನಲ್ಲಿ ಒಂದು ದಿನ ಒಬ್ಬರೇ ಉಳಿಯುವರು. ಅಂದು ಔಷಧದಂಗಡಿಗೆ ನಡೆದು ಹೋಗಲಾದೀತೆ? ನೆರೆಯವರು ಬಂದು ವಿಚಾರಿಸುವರೆ? ಮಕ್ಕಳು ಬೇಗ ಬಂದು ಮುಟ್ಟಬಲ್ಲರೆ? ಈ ಪ್ರಶ್ನೆಗಳನ್ನು ಮನೆಯಾಕೆಯ ಮುಂದೆ ಸಂಕೋಚವಿಲ್ಲದೆ ಇಟ್ಟು, ಅವಳ ಉತ್ತರವನ್ನು ಮೊದಲು ಕೇಳಬೇಕು. ಊರು ಯಾವುದೇ ಇರಲಿ, ಕಡಲಿಗೆದುರಾದ ಒಂಟಿ ಮನೆಗಿಂತ ಜನವಸತಿಯ ಬೀದಿಯ ಚಿಕ್ಕ ಮನೆಯೇ ಲೇಸು.