ಅಡಿಕೆ ಸುಲಿಯೋರ ಕಥೆ ಮತ್ತು ಮೊಬೈಲು

ಕೊನೆಕೊಯ್ಲು ಶುರುವಾಗಿದೆ. ಮೊದಲೆಲ್ಲ ಅಡಿಕೆ ಸುಲಿಯೋದು ಅಂದ್ರೆ ಸರಿರಾತ್ರಿ ತನಕ ಕಥೆ. ಮೆಟ್ಟುಗತ್ತಿ ಮುಂದೆ ಕೂತವರ ಕೈ ಅದರ ಪಾಡಿಗೆ ಓಡ್ತಿತ್ತು, ಬಾಯಿಗೆ ಬಿಡುವಿತ್ತು. ಈಗ ಎಷ್ಟೋ ಮನೇಲಿ ಸುಲಿಯೋ ಮಷೀನು. ಆ ಸದ್ದಿಗೆ ಪಕ್ಕದವರು ಕೂಗಿದ್ರೂ ಕೇಳಲ್ಲ. ಕೈಯಲ್ಲಿ ಸುಲಿಯೋ ಕಡೆ ಯೂಟ್ಯೂಬಿನ ತಾಳಮದ್ದಳೆ. ದೂರು ಹೇಳ್ತಿಲ್ಲ ಮಾರಾಯ್ರೆ. ಶೇಣಿ ಗೋಪಾಲಕೃಷ್ಣ ಭಟ್ಟರು ತೀರಿಕೊಂಡಿದ್ದು 2006ರಲ್ಲಿ. ಅವರ ಅರ್ಥಗಾರಿಕೆಯನ್ನ ನಮ್ಮ ಹುಡುಗರು ಬೇಕಾದಾಗ ಕೇಳ್ತಾರೆ.

ಆದ್ರೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು ನಿಂತಾಗ ಹೋದ ಊರುಗಳ ಕಥೆ? ಯಾವ ಗದ್ದೆಗೆ ಏನು ಹೆಸರು, ಬಾವಿ ಎಲ್ಲಿತ್ತು, ದೇವರನ್ನ ಯಾರು ಹೊತ್ತು ತಂದ್ರು? ಅದು ಸುಲಿಯೋಕೆ ಬರೋ ಅಜ್ಜಿಯಂದಿರ ಹತ್ರ ಮಾತ್ರ ಇದೆ.

ನಮ್ಮಲ್ಲಿಗೆ ಬರೋ ಅಜ್ಜಿ ಎದುರು ಮೊಬೈಲ್ ಹಿಡಿದು "ಹೇಳಿ" ಅಂದ್ರೆ, "ನೀರು ಬಂತು, ಬಿಟ್ಟು ಬಂದ್ವಿ" ಅಂತ ಮುಗಿಸಿಬಿಡ್ತಾರೆ. ಮೊಬೈಲು ಹೂಂಗುಟ್ಟಲ್ವಲ್ಲ! ಅವರಿಗೆ ಹೇಳಿಯೇ ಅದನ್ನ ಬುಟ್ಟಿ ಪಕ್ಕ ಇಟ್ಟು ಸುಮ್ಮನಿದ್ವಿ. ಸ್ವಲ್ಪ ಹೊತ್ತಿಗೆ ಪಕ್ಕದವರು, "ನಿಮ್ಮ ಬಾವಿ ಹೊಳೆ ಆಚೆ ಅಲ್ವೇನೇ?" ಅಂದ್ರು. ಅಷ್ಟು ಸಾಕಾಯ್ತು. ಬಾವಿಯಿಂದ ಶುರುವಾಗಿದ್ದು ಲಾರಿ ಹತ್ತಲ್ಲ ಅಂತ ಹಟ ಹಿಡಿದ ಎಮ್ಮೆ ತನಕ ಬಂತು.

ಮಗಳು ಇದನ್ನ ಒಂದು ನಿಮಿಷದ ರೀಲ್ ಮಾಡ್ತೀನಿ ಅಂದ್ಲು. ಮಾಡ್ಲಿ. ಆದ್ರೆ ಪೂರ್ತಿದನ್ನ ಅಳಿಸಬೇಡ ಅಂದಿದೀನಿ. ಆ ಜಗಳದಲ್ಲೇ ಹನ್ನೆರಡು ಗದ್ದೆಗಳ ಹೆಸರಿದೆ. ಹೊಳೆಬಾಗಿಲು ಕಡೆಯವರು ಯಾರಾದ್ರೂ ಕೇಳಿ ಇನ್ನೂ ಬಿಟ್ಟುಹೋಗಿದ್ದು ಹೇಳೋದಾದ್ರೆ ಸಂಜೆ ಮೇಲೆ ಬನ್ನಿ, ಅಜ್ಜಿ ಶನಿವಾರದ ತನಕ ಇಲ್ಲೇ ಇರ್ತಾರೆ.